ಏರಿನಲ್ಲಿ ಉಸಿರು, ಇಳಿಜಾರಿನಲ್ಲಿ ತೊಡೆ

ಮಂಗಳೂರು ಬಳಿಯ ತೊಕ್ಕೊಟ್ಟು ಜಂಕ್ಷನ್‌ನಿಂದ ಪಶ್ಚಿಮಕ್ಕೆ ಹೊರಟರೆ ಉಳ್ಳಾಲದ ಕಡಲ ಕಿನಾರೆ, ಮಟ್ಟಸವಾದ ನೆಲ. ಪೂರ್ವಕ್ಕೆ ತಿರುಗಿದರೆ ಕುತ್ತಾರು, ದೇರಳಕಟ್ಟೆ, ಕೊಣಾಜೆಯ ಕಡೆಗೆ ಹತ್ತಿ ಇಳಿಯುವ ದಾರಿ, ಆಚೀಚೆ ಮುರಕಲ್ಲಿನ ಗುಡ್ಡಗಳು. ಘಟ್ಟದ ಮೇಲೆ ನಡೆಯುವ ಗುಡ್ಡಗಾಡು ಓಟಕ್ಕೆ ತಯಾರಾಗುವ ಕರಾವಳಿಯವರಿಗೆ ಈ ಗುಡ್ಡಗಳು ಮನೆಬಾಗಿಲಿನ ಪ್ರಯೋಗಶಾಲೆ ಇದ್ದಂತೆ. ಆದರೆ ಹೆಚ್ಚಿನವರು ತಾಲೀಮಿನಲ್ಲಿ ಲೆಕ್ಕವಿಡುವುದು ಏರನ್ನು ಮಾತ್ರ. ಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗ.

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ ನಡೆಯುವ ‘ಮಲ್ನಾಡ್ ಅಲ್ಟ್ರಾ’ದಂಥ ಓಟಗಳಲ್ಲಿ 50 ಕಿ.ಮೀ., 100 ಕಿ.ಮೀ. ವಿಭಾಗಗಳಿವೆ. ತೋಟದ ಮಣ್ಣುದಾರಿ, ಉರುಳುವ ಕಲ್ಲು, ತರಗೆಲೆಯಡಿ ಅಡಗಿದ ಬೇರು ದಾರಿಯುದ್ದಕ್ಕೂ ಎದುರಾಗುತ್ತವೆ. ಹೊರಟ ಜಾಗಕ್ಕೇ ಮರಳುವ ಓಟವಾದರೆ ಏರಿದಷ್ಟನ್ನೂ ಇಳಿಯಲೇಬೇಕು.

ಏರು–ಇಳಿತಕ್ಕೆ ಎಷ್ಟು ಶಕ್ತಿ ಬೇಕೆಂಬುದನ್ನು ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಟ್ರೆಡ್‌ಮಿಲ್ ಮೇಲೆ ಅಳೆದು 2002ರಲ್ಲಿ ಪ್ರಕಟಿಸಿದರು. ಸಮತಟ್ಟಿನಲ್ಲಿ ಓಡುವಾಗ ದೇಹದ ತೂಕದ ಪ್ರತಿ ಕಿಲೋಗೆ, ಪ್ರತಿ ಮೀಟರಿಗೆ ಸುಮಾರು 3.4 ಜೂಲ್ ಖರ್ಚಾಗುತ್ತದೆ. ಶೇ. 45ರಷ್ಟು ಕಡಿದಾದ ಏರಿನಲ್ಲಿ ಅದು ಸುಮಾರು 19 ಜೂಲ್‌ಗೆ ಜಿಗಿಯುತ್ತದೆ. ಶೇ. 20ರ ಇಳಿಜಾರಿನಲ್ಲಿ, ಅಂದರೆ 100 ಮೀಟರ್ ಮುಂದೆ ಸಾಗುವಾಗ 20 ಮೀಟರ್ ಕೆಳಗಿಳಿಯುವಲ್ಲಿ, 1.7 ಜೂಲ್ ಸಾಕು. ಅನುಭವಿಗಳು ಕಡಿದಾದ ಏರು ಬಂದೊಡನೆ ಓಟ ಬಿಟ್ಟು, ತೊಡೆಯ ಮೇಲೆ ಕೈಯೂರಿ ನಡೆಯುವುದು ಈ ಲೆಕ್ಕ ಬಲ್ಲದ್ದರಿಂದಲೇ.

ಹಾಗಾದರೆ ಇಷ್ಟು ಅಗ್ಗದ ಇಳಿಜಾರು ಮಾರನೇ ದಿನ ಮೆಟ್ಟಿಲಿಳಿಯಲೂ ಬಿಡದಂತೆ ಕಾಡುವುದೇಕೆ?

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯುತ್ತಲೇ ಉದ್ದವಾಗುತ್ತದೆ. ಹೆಜ್ಜೆ ಊರಿದಾಗ ಮಂಡಿ ಮಡಚುತ್ತದೆ. ದೇಹ ಕುಸಿಯದಂತೆ ತಡೆಯುವ ಕೆಲಸ ಆ ಸ್ನಾಯುವಿನದು. ಈ ಬಗೆಯ ಕೆಲಸದ ಗುಣವನ್ನು 1952ರಲ್ಲಿ ಆ್ಯಬಟ್, ಬಿಗ್ಲೆಂಡ್ ಮತ್ತು ರಿಚಿ ಎಂಬ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಸೊಗಸಾಗಿ ತೋರಿಸಿಕೊಟ್ಟರು. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಅಷ್ಟೇ ಬಲ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ಎಷ್ಟೋ ಪಟ್ಟು ಕಡಿಮೆ. ಸಣ್ಣ ಮೈಕಟ್ಟಿನ ಮಹಿಳೆ ತಡೆಯಲು ಕೂತರೆ ತುಳಿಯುವ ಯುವಕ ಬೇಗ ಸುಸ್ತಾಗುತ್ತಿದ್ದ.

ಗುಟ್ಟು ಇಷ್ಟೆ. ಉದ್ದವಾಗುತ್ತಾ ಬಲ ಕೊಡುವಾಗ ಸ್ನಾಯುವಿನ ಕೆಲವೇ ಎಳೆಗಳು ದುಡಿದರೆ ಸಾಕು. ಹಾಗಾಗಿ ಉಸಿರು ಉಳಿಯುತ್ತದೆ, ಆದರೆ ದುಡಿಯುವ ಒಂದೊಂದು ಎಳೆಯ ಮೇಲೂ ಹೊರೆ ಹೆಚ್ಚುತ್ತದೆ. ಸಾವಿರಾರು ಹೆಜ್ಜೆಗಳಾಗುವಷ್ಟರಲ್ಲಿ ಎಳೆಯೊಳಗಿನ ಸೂಕ್ಷ್ಮ ಘಟಕಗಳಾದ ಸಾರ್ಕೋಮಿಯರ್‌ಗಳು ಅಲ್ಲಲ್ಲಿ ಹರಿಯುತ್ತವೆ. ಉರಿಯೂತ ಶುರುವಾಗಿ, ಒಂದರಿಂದ ಮೂರು ದಿನದೊಳಗೆ ನೋವು ತುತ್ತತುದಿ ಮುಟ್ಟುತ್ತದೆ. ಈ ನೋವಿಗೆ ಲ್ಯಾಕ್ಟಿಕ್ ಆ್ಯಸಿಡ್ ಕಾರಣವೆಂಬ ನಂಬಿಕೆ ಇನ್ನೂ ಚಾಲ್ತಿಯಲ್ಲಿದೆ. ಆದರೆ ಓಟ ನಿಂತ ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ಅದರ ಮಟ್ಟ ಮಾಮೂಲಿಗೆ ಬಂದಿರುತ್ತದೆ.

ಸಮಾಧಾನದ ಸಂಗತಿಯೆಂದರೆ ಸ್ನಾಯು ಬಲು ಬೇಗ ಪಾಠ ಕಲಿಯುತ್ತದೆ. ಇಳಿಜಾರಿನಲ್ಲಿ ಒಮ್ಮೆ ಹದವಾಗಿ ದಣಿದ ತೊಡೆ, ಮುಂದಿನ ಸಲ ಅಷ್ಟೇ ಕೆಲಸಕ್ಕೆ ತೀರಾ ಕಡಿಮೆ ನೋಯುತ್ತದೆ. ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ಏರು ಎಷ್ಟು ಹತ್ತಿದರೂ ಇದು ದಕ್ಕದು; ಇಳಿದೇ ಗಳಿಸಬೇಕು.

ಕರಾವಳಿಯ ಓಟಗಾರರು ಬೆವರಿನ ಲೆಕ್ಕವನ್ನೂ ಇಡಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಆವಿಯಾಗದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಆ ಲಾಭವಿಲ್ಲ, ನೀರು–ಉಪ್ಪು ಮಾತ್ರ ನಷ್ಟ. ಹಾಗೆಂದು ಸಿಕ್ಕಲ್ಲೆಲ್ಲ ಮಿತಿಮೀರಿ ನೀರು ಕುಡಿಯುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಓಟದ ವೇಳೆ ತೂಕ ಹೆಚ್ಚಿಸಿಕೊಂಡವರಲ್ಲೇ ಆ ಸಾಧ್ಯತೆ ಹೆಚ್ಚಿತ್ತು. ತಾಲೀಮಿಗೆ ಮುಂಚೆ ಮತ್ತು ನಂತರ ತೂಕ ನೋಡಿಕೊಂಡರೆ ತನ್ನ ಬೆವರಿನ ಪ್ರಮಾಣ ತಿಳಿಯುತ್ತದೆ: ನಡುವೆ ಏನೂ ಕುಡಿಯದಿದ್ದಲ್ಲಿ ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಹೋಗಿದೆ ಎಂದರ್ಥ.

ತಾಲೀಮು ಹೀಗಿರಬಹುದು. ಓಟಕ್ಕೆ ಒಂದೆರಡು ತಿಂಗಳಿರುವಾಗಲೇ ವಾರಕ್ಕೊಮ್ಮೆ ಇಳಿಜಾರಿಗೆ ಮೀಸಲಿಟ್ಟು, ಚಿಕ್ಕ ಇಳಿತದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಬೇಕು. ಮೈಯನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿ ಕುಟ್ಟಿ ಓಡುವ ಬದಲು ಹೆಜ್ಜೆ ಕಿರಿದು ಮಾಡಿ, ಬೇಗಬೇಗ ಎತ್ತಿಟ್ಟರೆ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ. ಮುರಕಲ್ಲಿನ ಸಡಿಲ ಹರಳುಗಳ ಮೇಲೆ ಕಾಲು ಜಾರದಿರಲು ನೋಟ ನಾಲ್ಕು ಹೆಜ್ಜೆ ಮುಂದಿರಲಿ. ಕೊನೆಯ ದೊಡ್ಡ ಇಳಿಜಾರಿನ ಓಟ ಸ್ಪರ್ಧೆಗೆ ಎರಡು ವಾರ ಮುಂಚೆಯೇ ಮುಗಿದಿರಬೇಕು; ಹರಿದ ಎಳೆಗಳು ಕೂಡಿಕೊಳ್ಳಲು ಅಷ್ಟು ಸಮಯ ಕೊಡುವುದು ಕ್ಷೇಮ.