ಕಲ್ಲಿನ ಬಾಗಿಲು, ದಾಟುವ ಮನುಷ್ಯ

ಬೈರಕೂರು ಹೋಬಳಿ ಸೇರಿರುವ ತಾಲ್ಲೂಕಿನ ಹೆಸರಿನಲ್ಲೇ ಬಾಗಿಲೊಂದಿದೆ. ‘ಮೂಡಲ ಬಾಗಿಲು’ ಎಂಬುದೇ ಕಾಲಕ್ರಮೇಣ ಮುಳಬಾಗಿಲು ಆಯಿತೆನ್ನುತ್ತಾರೆ. ಈ ಸೀಮೆಯಲ್ಲಿ ಕಲ್ಲಿನ ದ್ವಾರಗಳಿಗೂ ಕೊರತೆಯಿಲ್ಲ. ನೊಳಂಬರ ಕಾಲದ ಆವಣಿಯ ರಾಮಲಿಂಗೇಶ್ವರ ದೇಗುಲಗಳು, ಕುರುಡುಮಲೆಯ ಸೋಮೇಶ್ವರ ದೇಗುಲ, ಕೋಲಾರ ಪಟ್ಟಣದ ಸೋಮೇಶ್ವರ ದೇಗುಲದ ವಿಜಯನಗರ ಶೈಲಿಯ ಮಹಾದ್ವಾರ, ಇವುಗಳ ಹೊಸ್ತಿಲನ್ನು ತಲೆತಲಾಂತರದಿಂದ ಜನ ದಾಟುತ್ತಲೇ ಬಂದಿದ್ದಾರೆ.

ಇಂಥ ತಾಣಗಳ ಛಾಯಾಚಿತ್ರ ತೆಗೆಯುವ ಯುವಜನರಲ್ಲಿ ಒಂದು ರೂಢಿ ಕಾಣುತ್ತದೆ. ಹೂಬುಟ್ಟಿ ಹೊತ್ತವಳು, ಸೈಕಲ್ ತಳ್ಳುವವನು, ಶಾಲೆಯ ಮಕ್ಕಳು ಎಲ್ಲರೂ ಸರಿದುಹೋಗುವವರೆಗೆ ಕಾದು, ಬರಿಯ ಕಲ್ಲನ್ನೇ ಸೆರೆಹಿಡಿಯುತ್ತಾರೆ. ಇದು ಸರಿಯೇ ಎಂದು ವಿಚಾರಿಸುವುದು ಉಚಿತ.

ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಚಿತ್ರಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದರು. ಆ ಕಾಗದಕ್ಕೆ ಬಹಳ ಹೊತ್ತು ಬೆಳಕು ಬೇಕಿತ್ತು. ನಡೆದಾಡುವವರ ರೂಪ ಅದರಲ್ಲಿ ಮೂಡುತ್ತಿರಲಿಲ್ಲ. ಅಂದು ಜನರಿಲ್ಲದ ಚಿತ್ರ ಉಪಕರಣದ ಮಿತಿಯಾಗಿತ್ತು. ಕ್ಷಣಾರ್ಧದಲ್ಲಿ ಚಿತ್ರ ಮೂಡುವ ಇಂದು ಅದು ನಮ್ಮ ಆಯ್ಕೆಯಾಗಿದೆ.

ವಸ್ತುವೊಂದು ಯಾವುದರಿಂದ ಆಗಿದೆ ಎಂಬುದರೊಡನೆ ಯಾವುದಕ್ಕಾಗಿ ಇದೆ ಎಂಬುದನ್ನೂ ಅರಿಯಬೇಕೆಂದು ಅರಿಸ್ಟಾಟಲ್ ಬೋಧಿಸಿದನು. ದ್ವಾರವಿರುವುದು ದಾಟುವುದಕ್ಕಾಗಿ. ದಾಟುವವನನ್ನು ಕೈಬಿಟ್ಟ ಚಿತ್ರವು ಶಿಲೆಯ ಮಾಹಿತಿಯನ್ನು ಕೊಟ್ಟೀತು, ದ್ವಾರದ ಅರ್ಥವನ್ನು ಕೊಡಲಾರದು.

ಈ ಮಾತು ಕೇವಲ ಸೌಂದರ್ಯಕ್ಕೆ ಸಂಬಂಧಿಸಿದ್ದಲ್ಲ. ಹಂಪಿಯ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ವಾಸ, ವ್ಯಾಪಾರ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಲಾಯಿತು. ಮಂಟಪಗಳ ನಡುವೆ ಗೋಡೆ ಕಟ್ಟಿದ್ದರಿಂದ ಶಿಲ್ಪಕ್ಕೆ ಹಾನಿಯಾಗಿದ್ದುದು ನಿಜ, ರಕ್ಷಣೆಯೂ ಅವಶ್ಯ. ಆದರೆ ಒಲೆ ಹೊತ್ತಿಸಿ ಬದುಕಿದ ಸಂಸಾರಗಳೂ ಆ ಬೀದಿಯ ಚರಿತ್ರೆಯ ಭಾಗವೇ. ಅವರು ಅಲ್ಲಿದ್ದರೆಂಬುದಕ್ಕೆ ಅಂದು ತೆಗೆದ ಸಾಮಾನ್ಯ ಚಿತ್ರಗಳು ಇಂದು ಸಾಕ್ಷಿಯಾಗಿವೆ.

ಆದುದರಿಂದ ನಮ್ಮ ಸೀಮೆಯ ಯುವಜನರಲ್ಲಿ ಒಂದು ವಿನಂತಿ. ಪೂರ್ವಾಭಿಮುಖ ದ್ವಾರವಾದರೆ ಬೆಳಗಿನ ಓರೆಬಿಸಿಲಿನಲ್ಲಿ ಹೋಗಿರಿ. ಆಗ ಕೆತ್ತನೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಒಳಗಿನ ಕತ್ತಲಿಗೂ ಹೊರಗಿನ ಬೆಳಕಿಗೂ ಬಹಳ ಅಂತರವಿರುವುದರಿಂದ ಹೊಸ್ತಿಲ ಬಳಿ ಬರುವವರ ಮುಖವನ್ನು ಗಮನಿಸಿ ಬೆಳಕನ್ನು ಹೊಂದಿಸಿರಿ. ಅವರ ಒಪ್ಪಿಗೆ ಕೇಳಿರಿ, ಬೇಡವೆಂದರೆ ಗೌರವಿಸಿರಿ. ಕಂಬವನ್ನೇರಬೇಡಿರಿ, ಶಾಸನಕ್ಕೆ ಸುಣ್ಣ ಬಳಿಯಬೇಡಿರಿ. ಊರು, ದಿನಾಂಕ ತಪ್ಪದೆ ಬರೆದಿಡಿರಿ. ಇವಿಲ್ಲದ ಚಿತ್ರ ಮುಂದಿನವರಿಗೆ ಮೂಕವಾಗುತ್ತದೆ.

ಕಟ್ಟಿಸಿದ ಅರಸರ ಹೆಸರುಗಳನ್ನು ಶಾಸನಗಳು ಉಳಿಸಿವೆ. ದಿನವೂ ದಾಟುವ ಹೂವಿನವಳಿಗೆ ಶಾಸನವಿಲ್ಲ. ಅವಳು ಒಪ್ಪಿದರೆ, ಒಂದು ಚಿತ್ರದಲ್ಲಾದರೂ ಅವಳಿಗೆ ಸ್ಥಳವಿರಲಿ.