ಜೋ ಜಾವಿನುಲ್: ವಲಸೆಯ ಸಂಗೀತ, ತವರಿನ ಸ್ಮೃತಿ

ಜಾಜ್ ಸಂಗೀತವು ಅಮೆರಿಕದ ಕರಿಯ ಜನಾಂಗದ ಸೃಷ್ಟಿ. ಹೊರಗಿನಿಂದ ಬಂದವನೊಬ್ಬನು ಅದನ್ನು ತನ್ನದಾಗಿಸಿಕೊಳ್ಳಬಲ್ಲನೆ? ತನ್ನದಾಗಿಸಿಕೊಂಡ ಬಳಿಕ ತವರಿನ ದನಿ ಅವನಲ್ಲಿ ಉಳಿದೀತೆ? ಇದು ಕೇವಲ ಸಂಗೀತಶಾಸ್ತ್ರದ ಪ್ರಶ್ನೆಯಲ್ಲ. ಹೊರನಾಡಿನಲ್ಲಿ ನೆಲೆಸಿದ ಯಾರಿಗಾದರೂ ತಮ್ಮದೇ ಪ್ರಶ್ನೆಯೆಂದು ತೋರತಕ್ಕದ್ದು. ಆಸ್ಟ್ರಿಯದ ವಾದಕ ಹಾಗೂ ರಚನಕಾರ ಜೋ ಜಾವಿನುಲನ ಕಲಾಜೀವನವು ಇದಕ್ಕೆ ಒಂದು ಉತ್ತರವನ್ನು ಸೂಚಿಸುತ್ತದೆ.

1932ರ ಜುಲೈ 7ರಂದು ವಿಯೆನ್ನಾದಲ್ಲಿ ಜನಿಸಿದ ಜಾವಿನುಲನು ಬಾಲ್ಯದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದನು. ಪಿಯಾನೋ ಶಿಕ್ಷಣ ಪಡೆದು, ಯುದ್ಧಾನಂತರ ವಿಯೆನ್ನಾದ ಮೇಳಗಳಲ್ಲಿ ದುಡಿದು, 1959ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತಶಾಲೆಯ ವಿದ್ಯಾರ್ಥಿವೇತನದೊಡನೆ ಅಮೆರಿಕಕ್ಕೆ ತೆರಳಿದನು. ಅಲ್ಲಿ ತರಗತಿಗಿಂತ ಮೇಳವೇ ಅವನಿಗೆ ಗುರುಕುಲವಾಯಿತು. ಗಾಯಕಿ ಡೈನಾ ವಾಷಿಂಗ್ಟನ್ನಳ ಸಹವಾದಕನಾಗಿದ್ದು, 1961ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿಯ ಮೇಳವನ್ನು ಸೇರಿದನು. ಆ ಮೇಳಕ್ಕಾಗಿ ರಚಿಸಿದ 'ಮರ್ಸಿ, ಮರ್ಸಿ, ಮರ್ಸಿ' 1966ರಲ್ಲಿ ಮುದ್ರಿತವಾಯಿತು. ವಿದ್ಯುತ್ ಪಿಯಾನೋದಲ್ಲಿ ಆರಂಭವಾಗುವ ಈ ಕೃತಿಯಲ್ಲಿ ಕರಿಯರ ಚರ್ಚುಗಳ ಗಾಯನದ ಧಾಟಿಯಿದೆ. ಪರಭಾಷೆಯನ್ನು ಕಲಿತವನು ಆ ಭಾಷೆಯವರೇ ಹಾಡಿಕೊಳ್ಳುವ ಪದವನ್ನು ಕಟ್ಟಿದಂತಾಯಿತು.

ಇಷ್ಟಾದ ಮೇಲೆಯೇ ತವರು ಅವನನ್ನು ಕರೆದದ್ದು. 'ಇನ್ ಎ ಸೈಲೆಂಟ್ ವೇ' ಎಂಬ ಅವನ ರಚನೆಯನ್ನು 1969ರ ಫೆಬ್ರವರಿಯಲ್ಲಿ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ನ್ಯೂಯಾರ್ಕಿನಲ್ಲಿ ಮುದ್ರಿಸಿದನು. ಮೂಲದಲ್ಲಿದ್ದ ಸ್ವರಗುಚ್ಛಗಳನ್ನು ಡೇವಿಸ್ ಬಹುಮಟ್ಟಿಗೆ ಕೈಬಿಟ್ಟು, ಒಂದೇ ಆಧಾರಸ್ವರದ ಮೇಲೆ ಮಟ್ಟು ತೇಲುವಂತೆ ಮಾಡಿದನು. ತಂಬೂರಿಯ ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಇದು ಸಹಜವಾಗಿಯೇ ಹಿಡಿಸುತ್ತದೆ. ಆದರೆ ರಚನಕಾರನಿಗೆ ಅದು ಪೂರ್ಣತೃಪ್ತಿ ಕೊಡಲಿಲ್ಲ. 1971ರಲ್ಲಿ ಪ್ರಕಟವಾದ ತನ್ನ ಧ್ವನಿಮುದ್ರಿಕೆಯಲ್ಲಿ ಅವನು ಬಿಟ್ಟುಹೋದ ಭಾಗವನ್ನು ಮರಳಿ ಸೇರಿಸಿದನು; ಆಸ್ಟ್ರಿಯದಲ್ಲಿ ಕುರಿ ಕಾಯುತ್ತಿದ್ದ ಹುಡುಗತನದ ನೆನಪೇ ಈ ರಚನೆಯೆಂದು ಅದರ ಟಿಪ್ಪಣಿ ತಿಳಿಸುತ್ತದೆ. ಡೇವಿಸನ ಪಾಠದಲ್ಲಿ ಶಾಂತಿಯಿದೆ, ಜಾವಿನುಲನ ಪಾಠದಲ್ಲಿ ಹಂಬಲವಿದೆ. ಊರನ್ನು ಬಿಟ್ಟುಬಂದವನಿಗೆ ಆ ಹಂಬಲ ಅಲಂಕಾರವಲ್ಲ, ಅದೇ ವಸ್ತು.

1970ರಲ್ಲಿ ವೇಯ್ನ್ ಶಾರ್ಟರ್, ಮಿರೋಸ್ಲಾವ್ ವಿಟೌಸ್ ಇವರೊಡನೆ ಕಟ್ಟಿದ 'ವೆದರ್ ರಿಪೋರ್ಟ್' ಮೇಳದಲ್ಲಿ ಸಿಂಥಸೈಜರ್ ಅವನ ಕೈಗೆ ಹೊಸ ದನಿಯನ್ನಿತ್ತಿತು. ವಿದ್ಯುನ್ಮಂಡಲದಲ್ಲಿ ಹುಟ್ಟಿದ ಕಂಪನವನ್ನು ಸೋಸಿ, ಅದರ ಏರಿಳಿತವನ್ನು ತಿದ್ದಿ, ನಾದದ ಬಣ್ಣವನ್ನೇ ವಾದಕನು ರೂಪಿಸಬಲ್ಲ ಯಂತ್ರವಿದು. 1976ರ 'ಬ್ಲ್ಯಾಕ್ ಮಾರ್ಕೆಟ್' ಕೃತಿಗಾಗಿ ಅವನು ಮನೆಗಳ ಕ್ರಮವನ್ನೇ ತಿರುಗುಮುರುಗು ಮಾಡಿ, ಮಂದ್ರಸ್ವರಗಳನ್ನು ಬಲಕ್ಕಿರಿಸಿದನು. ಬೆರಳುಗಳು ರೂಢಿಯ ಹಾದಿಯಲ್ಲಿ ತಾವಾಗಿ ಓಡುವುದು ಇದರಿಂದ ತಪ್ಪಿತು. 1977ರ ಪ್ರಸಿದ್ಧ 'ಬರ್ಡ್‌ಲೆಂಡ್' ನ್ಯೂಯಾರ್ಕಿನ ಜಾಜ್ ಕ್ಲಬ್ಬೊಂದರ ಹೆಸರನ್ನು ಹೊತ್ತಿದೆ. ವಲಸಿಗನು ತನ್ನ ಎರಡನೆಯ ಊರಿಗೆ ಸಲ್ಲಿಸಿದ ಕಾಣಿಕೆಯೆಂದು ಅದನ್ನು ಕರೆಯಬಹುದು.

ಆ ಮೇಳ 1986ರಲ್ಲಿ ಮುಗಿಯಿತು. ಮುಂದೆ 1996ರಲ್ಲಿ ಡಾನ್ಯೂಬ್ ನದಿಯನ್ನು ಕುರಿತ ಅವನ ವಾದ್ಯವೃಂದ ಕೃತಿಯು ಮುದ್ರಿತವಾಗಿ ಪ್ರಕಟವಾಯಿತು. ಆದರೆ ತವರಿನ ಸ್ಮೃತಿಯೆಂದರೆ ನದಿ, ಕುರಿಮಂದೆಗಳ ಮಾಧುರ್ಯವಷ್ಟೇ ಅಲ್ಲ. 1938ರಲ್ಲಿ ನಾಜಿಗಳು ಆಸ್ಟ್ರಿಯದ ಮೌತ್‌ಹೌಸೆನ್ನಿನಲ್ಲಿ ಸ್ಥಾಪಿಸಿದ ಸೆರೆಶಿಬಿರದಲ್ಲಿ ಸಹಸ್ರಾರು ಜನ ಮಡಿದರು. ಅರವತ್ತು ವರ್ಷಗಳ ಬಳಿಕ, 1998ರಲ್ಲಿ, ಕೈದಿಗಳನ್ನು ದುಡಿಸಿ ಕೊಂದ ಅದೇ ಕಲ್ಲುಗಣಿಯಲ್ಲಿ ಜಾವಿನುಲನು ಅವರ ಸ್ಮಾರಕವಾಗಿ ತನ್ನ ರಚನೆಯನ್ನು ಪ್ರಸ್ತುತಪಡಿಸಿದನು. ಹುಟ್ಟೂರಿನ ಸೊಗಸನ್ನು ನೆನೆದವನು ಅದರ ಪಾತಕವನ್ನು ಮರೆಯಲಿಲ್ಲ.

2007ರ ಸೆಪ್ಟೆಂಬರ್ 11ರಂದು ಅವನು ವಿಯೆನ್ನಾದಲ್ಲಿಯೇ ತೀರಿಕೊಂಡನು. ಪರರ ನುಡಿಯನ್ನು ಸಂಪೂರ್ಣವಾಗಿ ಕಲಿತದ್ದರಿಂದ ಅವನ ತವರು ಅಳಿಯಲಿಲ್ಲ. ಅದನ್ನು ಹೇಳಲು ಅವನಿಗೆ ಮಾತು ದೊರಕಿತು.