ದೂರದ ಸರ್ವರ್‌ಗೆ ಎರಡನೇ ಬಾಗಿಲು

2021ರ ಅಕ್ಟೋಬರ್ 4. ಭಾರತದಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಇದ್ದಕ್ಕಿದ್ದಂತೆ ವಾಟ್ಸ್‌ಆ್ಯಪ್ ಸಂದೇಶಗಳು ಹೋಗದಾದವು; ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಕೂಡ ತೆರೆಯಲಿಲ್ಲ. ಜಗತ್ತಿನಾದ್ಯಂತ ಸುಮಾರು ಆರು ಗಂಟೆ ಮೂರೂ ಸೇವೆಗಳು ಸ್ತಬ್ಧ. ಯಾವ ಹ್ಯಾಕರ್‌ನ ಕೈವಾಡವೂ ಇದರಲ್ಲಿರಲಿಲ್ಲ. ನಿರ್ವಹಣೆಯ ಕೆಲಸ ನಡೆದಿದ್ದಾಗ ಕೊಟ್ಟ ಒಂದು ಕಮಾಂಡ್, ಈ ಮೂರನ್ನೂ ನಡೆಸುವ ಕಂಪನಿಯ ಡೇಟಾ ಸೆಂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಮುಖ್ಯ ಜಾಲವನ್ನೇ ಕಡಿದುಹಾಕಿತ್ತು. ಇಂಥ ಕಮಾಂಡ್‌ಗಳನ್ನು ಮೊದಲೇ ಪರಿಶೀಲಿಸಿ ತಡೆಯಬೇಕಿದ್ದ ತಂತ್ರಾಂಶದಲ್ಲೂ ದೋಷವಿತ್ತು.

ಕಡಿದ ಜಾಲವನ್ನು ಸರಿಪಡಿಸಬೇಕಾದ ಎಂಜಿನಿಯರ್‌ಗಳಿಗೆ ಡೇಟಾ ಸೆಂಟರ್‌ಗಳ ಯಂತ್ರಗಳೇ ಸಿಗಲಿಲ್ಲ. ದಿನನಿತ್ಯ ಒಳಹೋಗುವ ದಾರಿ ಮುಚ್ಚಿತ್ತು. ಆಪತ್ತಿಗೆಂದು ಇಟ್ಟಿದ್ದ ಪ್ರತ್ಯೇಕ ದಾರಿಯೂ ಕೈಕೊಟ್ಟಿತು. ಹೆಸರುಗಳನ್ನು ಇಂಟರ್‌ನೆಟ್ ವಿಳಾಸಗಳಾಗಿ ಬದಲಿಸುವ ಡಿಎನ್‌ಎಸ್ ನಿಂತದ್ದರಿಂದ ದೋಷ ಹುಡುಕುವ ಒಳಗಿನ ಸಾಧನಗಳೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಡೇಟಾ ಸೆಂಟರ್‌ಗೆ ಜನರನ್ನೇ ಕಳಿಸಬೇಕಾಯಿತು. ಅಲ್ಲಿನ ಬಿಗಿ ಭದ್ರತೆಯನ್ನು ದಾಟಿ ಒಳಹೋಗಲು, ಹೋದಮೇಲೆ ಯಂತ್ರಗಳಲ್ಲಿ ಬದಲಾವಣೆ ಮಾಡಲು ಮತ್ತಷ್ಟು ಹೊತ್ತು ಹಿಡಿಯಿತು.

ಡೇಟಾ ಸೆಂಟರ್‌ಗಳಲ್ಲಿ ದುಡಿಯುವ ಕಂಪ್ಯೂಟರ್‌ಗಳೇ ಸರ್ವರ್‌ಗಳು. ಹತ್ತಾರು ಸರ್ವರ್‌ಗಳನ್ನು ಒಂದೇ ಕಂಪ್ಯೂಟರಿನಂತೆ ದುಡಿಸುವ ಏರ್ಪಾಡಿಗೆ ಕ್ಲಸ್ಟರ್ ಎನ್ನುತ್ತಾರೆ. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದ 16 ಕಂಪ್ಯೂಟರ್‌ಗಳನ್ನು ಜೋಡಿಸಿ 'ಬೇವುಲ್ಫ್' ಕಟ್ಟಿದರು. ದುಬಾರಿ ಸೂಪರ್‌ಕಂಪ್ಯೂಟರಿಗೆ ಅಗ್ಗದ ಬದಲಿ ಸಿಕ್ಕಿತು. ಇಂದು ಒಂದೊಂದು ಡೇಟಾ ಸೆಂಟರಿನಲ್ಲೂ ಸಾವಿರಾರು ಸರ್ವರ್‌ಗಳಿರುತ್ತವೆ. ಪ್ರತಿಯೊಂದರ ಮುಂದೆ ಕೀಬೋರ್ಡ್, ಪರದೆ ಇಟ್ಟು ಕೂರುವುದು ಆಗದ ಮಾತು. ಅಡ್ಮಿನ್‌ಗಳು ಇನ್ನೊಂದು ಊರಿನಲ್ಲೋ ಇನ್ನೊಂದು ದೇಶದಲ್ಲೋ ಕುಳಿತೇ ಇವನ್ನು ನೋಡಿಕೊಳ್ಳುತ್ತಾರೆ.

ಒಳಬರುತ್ತಿರುವವರು ಯಾರು ಎಂಬುದು ಇಲ್ಲಿನ ಮೊದಲ ಪ್ರಶ್ನೆ. ದೂರದಿಂದ ಒಳಹೋಗಲು ಹಿಂದೆ ಬಳಕೆಯಲ್ಲಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಜಾಲದಲ್ಲಿ ಹರಿಯುತ್ತಿತ್ತು. ನಡುವೆ ಕದ್ದು ನೋಡುವವರಿಗೆ ಅದು ಸುಲಭವಾಗಿ ದಕ್ಕುತ್ತಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೇ ಪಾಸ್‌ವರ್ಡ್‌ಗಳು ಕಳುವಾದಾಗ, ಅಲ್ಲಿದ್ದ ತಾತು ಇಲೋನೆನ್ 'ಎಸ್‌ಎಸ್‌ಎಚ್' ರೂಪಿಸಿದರು. ಇದರಲ್ಲಿ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ ನಡೆಯುತ್ತದೆ. ಪಾಸ್‌ವರ್ಡ್ ಬದಲು ಜೋಡಿ ಕೀಲಿಗಳನ್ನೂ ಬಳಸಬಹುದು: ಸಾರ್ವಜನಿಕ ಕೀಲಿ ಸರ್ವರ್‌ನಲ್ಲಿರುತ್ತದೆ, ಖಾಸಗಿ ಕೀಲಿ ಅಡ್ಮಿನ್‌ನ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿ ತಾಳೆಯಾದರೆ ಸರ್ವರ್ ಬಾಗಿಲು ತೆರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಸೂಪರ್‌ಕಂಪ್ಯೂಟರಿನ ಬಳಕೆದಾರರೂ ಎಸ್‌ಎಸ್‌ಎಚ್ ಮೂಲಕವೇ ಅದರೊಳಗೆ ಹೋಗುತ್ತಾರೆ.

ಆದರೆ ಎಸ್‌ಎಸ್‌ಎಚ್ ಓಡುವುದು ಸರ್ವರಿನ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಅದೇ ಮೇಲೇಳದಿದ್ದರೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ದೋಷಪೂರ್ಣ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟದ್ದು ಆ ದಿನವೇ. ದೋಷದ ಫೈಲ್ ಯಾವುದೆಂದು ಬೇಗನೆ ಗೊತ್ತಾಯಿತು. ಆದರೆ ಪೂರ್ತಿ ಶುರುವೇ ಆಗದ ಯಂತ್ರಕ್ಕೆ ಜಾಲದ ಮೂಲಕ ಏನನ್ನು ಹೇಳಿದರೂ ಕೇಳಿಸದು. ಅಸಂಖ್ಯ ಕಂಪ್ಯೂಟರ್‌ಗಳನ್ನು ಸಿಬ್ಬಂದಿ ಒಂದೊಂದಾಗಿ ಮುಟ್ಟಿಯೇ ಸರಿಮಾಡಿದರು.

ಇಂಥ ಹೊತ್ತಿಗೆಂದೇ ಒಳ್ಳೆಯ ಸರ್ವರ್‌ಗಳಲ್ಲಿ ಎರಡನೇ ಬಾಗಿಲಿರುತ್ತದೆ. ಮದರ್‌ಬೋರ್ಡ್ ಮೇಲೆ ಕೂತ ಪುಟ್ಟ ಚಿಪ್ ಅದು. ಬಿಎಂಸಿ ಎಂದು ಕರೆಯುತ್ತಾರೆ. ಅದಕ್ಕೆ ತನ್ನದೇ ಪ್ರೊಸೆಸರ್ ಇದೆ, ಹೆಚ್ಚಿನ ಸರ್ವರ್‌ಗಳಲ್ಲಿ ತನ್ನದೇ ನೆಟ್‌ವರ್ಕ್ ಪೋರ್ಟ್ ಕೂಡ ಇದೆ. ಸರ್ವರ್ ಆಫ್ ಆಗಿದ್ದರೂ ಪ್ಲಗ್‌ನಲ್ಲಿ ಕರೆಂಟ್ ಇರುವತನಕ ಅದು ಎಚ್ಚರವಾಗಿರುತ್ತದೆ. ಫ್ಯಾನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಒಳಗೆ ಎಷ್ಟು ಬಿಸಿಯಾಗಿದೆ ಎಂಬುದನ್ನು ದೂರದ ಅಡ್ಮಿನ್‌ಗೆ ತಿಳಿಸುತ್ತದೆ. ಅವರು ಹೇಳಿದರೆ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುತ್ತದೆ. ಬೂಟ್ ಆಗುವಾಗ ಪರದೆಯ ಮೇಲೆ ಮೂಡುವ ಸಾಲುಗಳನ್ನೂ ಅನೇಕ ಮಾದರಿಗಳಲ್ಲಿ ಸಾವಿರ ಕಿಲೋಮೀಟರ್ ಆಚೆಯಿಂದ ಓದಬಹುದು. ಬೇರೆ ಬೇರೆ ಕಂಪನಿಗಳ ಯಂತ್ರಗಳಿಗೂ ಒಂದೇ ಭಾಷೆ ಇರಲೆಂದು ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ 1998ರಲ್ಲಿ ಐಪಿಎಂಐ ಎಂಬ ಮಾನದಂಡ ತಂದವು. ಇಷ್ಟು ಅಧಿಕಾರವುಳ್ಳ ಬಾಗಿಲು ಕಳ್ಳರಿಗೆ ಸಿಕ್ಕರೆ ಉಳಿಗಾಲವಿಲ್ಲ. ಆದ್ದರಿಂದಲೇ ಬಿಎಂಸಿಗಳನ್ನು ಇಂಟರ್‌ನೆಟ್‌ಗೆ ತೆರೆದಿಡದೆ ಬೇರೆಯದೇ ಜಾಲದಲ್ಲಿ ಕಟ್ಟಿಡಬೇಕು.

ದೂರದಿಂದ ನೋಡುವವರಿಗೆ ಇನ್ನೊಂದು ಗೊಂದಲವಿದೆ. ಉತ್ತರಿಸದ ಸರ್ವರ್ ಸತ್ತಿದೆಯೋ, ಅಥವಾ ನಡುವಿನ ತಂತಿ ಮಾತ್ರ ಕಡಿದಿದೆಯೋ? ಕ್ಲಸ್ಟರಿನ ಯಂತ್ರಗಳು 'ನಾನಿದ್ದೇನೆ' ಎಂದು ಆಗಾಗ ಪರಸ್ಪರ ಸಂಕೇತ ಕಳಿಸುತ್ತಿರುತ್ತವೆ. ಸಂಕೇತ ನಿಂತಾಗ ಎರಡೂ ಕಡೆಯವು ತಾವೇ ಯಜಮಾನರೆಂದು ಬಗೆದು ಡೇಟಾ ಬರೆಯತೊಡಗಿದರೆ ಅನಾಹುತ. ಅದಕ್ಕೇ ಬಹುಮತ ಯಾವ ಗುಂಪಿಗಿದೆಯೋ ಅದೇ ಮುಂದುವರಿಯಬೇಕೆಂಬ ನಿಯಮ. ಎಷ್ಟೋ ಕ್ಲಸ್ಟರ್‌ಗಳಲ್ಲಿ ಬಹುಮತದ ಗುಂಪು ಬಿಎಂಸಿ ಮೂಲಕ ಅನುಮಾನದ ಯಂತ್ರದ ವಿದ್ಯುತ್ತನ್ನೇ ತೆಗೆದುಬಿಡುತ್ತದೆ.

ಬಹುಮತವಿದ್ದರೂ ಪೆಟ್ಟು ತಪ್ಪದಿರಬಹುದು. 2018ರ ಅಕ್ಟೋಬರ್ 21ರಂದು ತಂತ್ರಾಂಶದ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ, ಅಮೆರಿಕದ ಪೂರ್ವ ಕರಾವಳಿಯ ಮುಖ್ಯ ಡೇಟಾ ಸೆಂಟರ್ ಬರೀ 43 ಸೆಕೆಂಡು ಜಾಲದಿಂದ ಬೇರ್ಪಟ್ಟಿತು. ಸ್ವಯಂಚಾಲಿತ ವ್ಯವಸ್ಥೆ ಬಹುಮತ ನೋಡಿ ಪಶ್ಚಿಮ ಕರಾವಳಿಗೆ ಯಜಮಾನಿಕೆ ವಹಿಸಿತು. ಪೂರ್ವದಲ್ಲಿ ಅಷ್ಟರೊಳಗೆ ಬರೆದಿದ್ದ ಒಂದಿಷ್ಟು ಡೇಟಾ ಪಶ್ಚಿಮಕ್ಕೆ ತಲುಪಿರಲಿಲ್ಲ. ಎರಡೂ ಕಡೆ ಇನ್ನೊಂದರಲ್ಲಿಲ್ಲದ ದಾಖಲೆಗಳು ಉಳಿದವು. ಬಳಕೆದಾರರ ಡೇಟಾ ಕಳೆಯಬಾರದೆಂದು ಎಂಜಿನಿಯರ್‌ಗಳು ಅವಸರ ಮಾಡಲಿಲ್ಲ. ಸೇವೆ ಪೂರ್ತಿ ಸುಸ್ಥಿತಿಗೆ ಬರಲು 24 ಗಂಟೆ 11 ನಿಮಿಷ ಬೇಕಾಯಿತು.

ಒಂದು ಕಮಾಂಡ್ ಎಷ್ಟು ಯಂತ್ರಗಳನ್ನು ಮುಟ್ಟುತ್ತದೆ ಎಂಬುದೂ ಅಷ್ಟೇ ಮುಖ್ಯ. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆಯಲ್ಲಿ ಕೆಲವೇ ಸರ್ವರ್‌ಗಳನ್ನು ತೆಗೆಯಲು ಕೊಟ್ಟ ಕಮಾಂಡ್‌ನಲ್ಲಿ ಒಂದು ವಿವರ ತಪ್ಪಾಗಿ, ಬೇಕಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು. ಎಸ್3 ಅನ್ನು ನೆಚ್ಚಿದ್ದ ಅಸಂಖ್ಯ ವೆಬ್‌ಸೈಟ್‌ಗಳು ಕೆಲವು ಗಂಟೆ ತತ್ತರಿಸಿದವು. ನಂತರ ಕಂಪನಿ ತಿದ್ದಿದ್ದು ಕಮಾಂಡ್ ನಡೆಸುವ ಸಾಧನವನ್ನು: ಅದೀಗ ಸರ್ವರ್‌ಗಳನ್ನು ನಿಧಾನವಾಗಿ ತೆಗೆಯುತ್ತದೆ, ಕನಿಷ್ಠ ಸಾಮರ್ಥ್ಯಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ.

ದೂರದಿಂದಲೇ ಸರ್ವರ್‌ಗಳನ್ನು ನೋಡಿಕೊಳ್ಳುವ ಈ ವಿದ್ಯೆಯ ತೀರಾ ಕಠಿಣ ಪರೀಕ್ಷೆ ನಡೆದದ್ದು ಸಮುದ್ರದ ತಳದಲ್ಲಿ. 2018ರಲ್ಲಿ ಮೈಕ್ರೋಸಾಫ್ಟ್ 864 ಸರ್ವರ್‌ಗಳನ್ನು ಉಕ್ಕಿನ ಕೊಳವೆಯಲ್ಲಿ ಮುಚ್ಚಿ, ಒಳಗೆ ಸಾರಜನಕ ತುಂಬಿ, ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಬಳಿ 117 ಅಡಿ ಆಳಕ್ಕೆ ಇಳಿಸಿತು. ಎರಡು ವರ್ಷ ಯಾವ ಕೈಯೂ ಅವನ್ನು ಮುಟ್ಟುವಂತಿರಲಿಲ್ಲ. ಕೆಟ್ಟ ಸರ್ವರ್ ಕೆಟ್ಟಂತೆಯೇ ಇರಬೇಕು, ಮಿಕ್ಕವು ದುಡಿಯಬೇಕು. 2020ರಲ್ಲಿ ಮೇಲೆತ್ತಿ ನೋಡಿದಾಗ ಅಲ್ಲಿ ಸರ್ವರ್‌ಗಳು ಕೆಟ್ಟ ಪ್ರಮಾಣ ನೆಲದ ಮೇಲಿನದರ ಎಂಟನೇ ಒಂದು ಭಾಗದಷ್ಟಿತ್ತು. ಲೋಹವನ್ನು ಸವೆಸುವ ಆಮ್ಲಜನಕ ಇಲ್ಲದಿದ್ದದ್ದು ಮತ್ತು ಯಂತ್ರಗಳಿಗೆ ತಾಗಿ ಓಡಾಡುವ ಮನುಷ್ಯರು ಇಲ್ಲದಿದ್ದದ್ದು ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರು ಊಹಿಸಿದರು.